ಒಲೆ ಹಚ್ಚದ ದಿನದ ಹಸಿರು

ಅವಳ ಕೆಳದುಟಿಯ ನಟ್ಟನಡುವೆ ಒಂದು ಗುಂಡನೆಯ ಕಪ್ಪು ಗುರುತಿತ್ತು. ಹೊಸದಾಗಿ ನೋಡಿದವರು ಸುಟ್ಟ ಗಾಯ ಅಂದುಕೊಳ್ಳುತ್ತಿದ್ದರು. ಅದು ಊದುಗೊಳವೆಯ ಗುರುತು. ಪೀಣ್ಯದ ಯಾವುದೋ ಫ್ಯಾಕ್ಟರಿಯವರು ಬಿಸಾಡಿದ್ದ ಮೊಳದುದ್ದದ ಕಬ್ಬಿಣದ ಪೈಪೇ ಅವಳ ಊದುಗೊಳವೆ. ದಿನಾ ಬೆಳಿಗ್ಗೆ ಅದನ್ನು ತುಟಿಯ ಅದೇ ಜಾಗಕ್ಕೆ ಒತ್ತಿಕೊಂಡು ಒಲೆ ಊದಿ ಊದಿ, ಅಷ್ಟು ಚರ್ಮ ಗಟ್ಟಿಯಾಗಿ ನಿಂತುಬಿಟ್ಟಿತ್ತು. ನಕ್ಕರೆ ತುಟಿಯೆಲ್ಲ ಅಗಲವಾಗುತ್ತಿತ್ತು, ಆ ಗುರುತು ಮಾತ್ರ ಇದ್ದಷ್ಟೇ ಇರುತ್ತಿತ್ತು.

ಬಾಗಲಗುಂಟೆಯ ನಮ್ಮ ವಠಾರದಲ್ಲಿ ಎಲ್ಲರಿಗೂ ಅವಳು ರೊಟ್ಟಿ ಅವ್ವ. ನಾನೂ ಮೊದಮೊದಲು ಹಾಗೇ ಕರೆಯುತ್ತಿದ್ದೆ. ಆಮೇಲೆ ಯಾವಾಗಲೋ ರೊಟ್ಟಿ ಬಿಟ್ಟುಹೋಗಿ ಬರೀ ಅವ್ವ ಉಳಿಯಿತು. ಯಾದಗಿರಿ ಕಡೆಯವಳು. ಗಂಡನ ಜೊತೆ ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದಳಂತೆ. ಕಟ್ಟುತ್ತಿದ್ದ ಬಿಲ್ಡಿಂಗಿನ ಮೇಲಿನಿಂದ ಬಿದ್ದು ಗಂಡ ಹೋದ. ಊರಿಗೆ ವಾಪಸ್ಸು ಹೋಗಿ ಯಾರ ಮನೆಯ ಮೂಲೆಯಲ್ಲಿ ಕೂರಲಿ ಅಂತ ಇವಳು ಇಲ್ಲೇ ಉಳಿದಳು. ಅವಳ ಕಡೆಯ ಹುಡುಗರು ಸುತ್ತಮುತ್ತಲ ಫ್ಯಾಕ್ಟರಿಗಳಲ್ಲಿ ತುಂಬಿದ್ದರು. ಅನ್ನ ಸಾಂಬಾರು ತಿಂದು ತಿಂದು ನಾಲಿಗೆ ಸತ್ತಿದ್ದ ಆ ಹುಡುಗರಿಗೆ ಜೋಳದ ರೊಟ್ಟಿ ಬಡಿದುಕೊಡುವುದು ಅವಳ ಬದುಕಾಯಿತು.

ನಮ್ಮ ರೂಮು, ಅವಳ ರೂಮು ಅಕ್ಕಪಕ್ಕ. ಹಿಂದೆ ತಗಡಿನ ಇಳಿಜಾರು, ಅದರ ಕೆಳಗೆ ಒಲೆ. ಸೌದೆ ಅಂದರೆ ಕಾಡಿನ ಸೌದೆ ಅಲ್ಲ. ಫ್ಯಾಕ್ಟರಿಗಳಿಗೆ ಮಷೀನು ಬರುತ್ತದಲ್ಲ, ಅದನ್ನು ಪ್ಯಾಕ್ ಮಾಡಿದ ಹಲಗೆ, ಮುರಿದ ಪ್ಲೈವುಡ್ಡು, ಮೊಳೆ ಹೊಡೆದ ಪಟ್ಟಿ. ಎಣ್ಣೆ, ಬಣ್ಣ, ಅಂಟು ಏನೇನು ಮೆತ್ತಿರುತ್ತಿತ್ತೋ ದೇವರಿಗೇ ಗೊತ್ತು. ಹಚ್ಚಿದ ಕೂಡಲೇ ಹೊಗೆ ತಗಡಿಗೆ ಬಡಿದು ಹೊರಗೆ ಹೋಗುವ ಬದಲು ಒಳಗೇ ಇಳಿಯುತ್ತಿತ್ತು. ಅವಳ ರೂಮಿನ ಗೋಡೆಗೆ ಹೊಡೆದ ಸುಣ್ಣ ಯಾವ ಬಣ್ಣದ್ದಿತ್ತು ಅಂತ ಕಟ್ಟಿಸಿದ ಓನರ್‌ಗೂ ನೆನಪಿರಲಿಲ್ಲ.

ನಾನು ಕುಣಿಗಲ್ ಕಡೆಯವಳು, ಮುದ್ದೆ ತಿಂದು ಬೆಳೆದವಳು. ನನಗೆ ಬಾಯಿ ಜಾಸ್ತಿ. ಗಾರ್ಮೆಂಟ್ಸಿನಲ್ಲಿ ನಮ್ಮ ಲೈನಿನ ಸೂಪರ್‌ವೈಸರ್‌ ಕೂಡ ನನ್ನ ಹತ್ತಿರ ನೋಡಿಕೊಂಡು ಮಾತಾಡುತ್ತಿದ್ದ. ಬಾಡಿಗೆಗೆ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ, ಒಣಗಹಾಕಿದ ಬಟ್ಟೆಯೆಲ್ಲ ಹೊಗೆ ನಾರುತ್ತಿದೆ ಅಂತ ಸೊಂಟಕ್ಕೆ ಕೈ ಕೊಟ್ಟು ಜಗಳಕ್ಕೆ ಹೋದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಒಂದು ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಅನ್ನುವ ಕಡಲೆಕಾಯಿ ಚಟ್ನಿಪುಡಿ ಹಾಕಿ, ಎಣ್ಣೆ ಬಿಟ್ಟು ಕೈಗಿಟ್ಟಳು. ತಿಂದೆ. ಜಗಳ ಎಲ್ಲಿಗೆ ನಿಲ್ಲಿಸಿದ್ದೆ ಅಂತ ಮರೆತುಹೋಯಿತು. ನೀವು ಮುದ್ದೆ ಮಂದಿ ಜಗಿಯದೆ ನುಂಗುವವರು, ರೊಟ್ಟಿ ತಿನ್ನಬೇಕಾದರೆ ಮೊದಲು ಹಲ್ಲು ಇದೆಯೋ ಇಲ್ಲವೋ ನೋಡಿಕೊಳ್ಳಬೇಕು ಅಂತ ಅವಳು ಆವತ್ತು ಶುರು ಮಾಡಿದ ತಮಾಷೆ ಕೊನೆಯವರೆಗೂ ಬಿಡಲಿಲ್ಲ.

ಅವಳದೊಂದು ಪದ್ಧತಿ ಇತ್ತು. ದಿನದ ಮೊದಲ ರೊಟ್ಟಿಯ ಅಂಚು ಮುರಿದು ಒಂದು ಚೂರು ಬೆಂಕಿಗೆ ಹಾಕುತ್ತಿದ್ದಳು. ಇನ್ನೊಂದು ಚೂರು ತನ್ನ ಬಾಯಿಗೆ. ತಾನು ರುಚಿ ನೋಡದ ಹಿಟ್ಟಿನ ರೊಟ್ಟಿಯನ್ನು ಯಾರ ಕೈಗೂ ಕೊಡುತ್ತಿರಲಿಲ್ಲ, ಎಷ್ಟೇ ಜನ ಕಾಯುತ್ತಿರಲಿ. ನನ್ನ ಮಗಳು ಅವಳ ಮಡಿಲಿಗೆ ಬಿದ್ದ ಮೇಲೆ ಮೂರನೆಯ ಚೂರೂ ಶುರುವಾಯಿತು.

ಮಗಳು ಅವಳ ಹತ್ತಿರ ಸೇರಿದ್ದು ಹೀಗೆ. ನಾನು ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಬರುವುದು ಕತ್ತಲಾಗುವ ಹೊತ್ತಿಗೆ. ನನ್ನ ಗಂಡನಿಗೆ ಪ್ಲೇಟಿಂಗ್ ಫ್ಯಾಕ್ಟರಿಯಲ್ಲಿ ಶಿಫ್ಟು. ಮಗುವನ್ನು ಫ್ಯಾಕ್ಟರಿಯ ಕೂಸಿನ ಮನೆಗೆ ಬಿಟ್ಟರೆ ಅತ್ತು ಅತ್ತು ಜ್ವರ ಬರಿಸಿಕೊಂಡಳು. ಕೆಲಸ ಬಿಡುವುದೇ ಸರಿ ಅಂತ ನಾನು ಬಾಗಿಲಲ್ಲಿ ಕೂತು ಅಳುತ್ತಿದ್ದಾಗ ರೊಟ್ಟಿ ಅವ್ವ ಹಿಟ್ಟಿನ ಕೈಯಲ್ಲೇ ಬಂದು ಮಗುವನ್ನು ಎತ್ತಿಕೊಂಡಳು. "ಕೂಸಿನ್ನ ನನ್ ಕಡಿ ಬಿಟ್ ಹೋಗು. ನಾ ಎಲ್ಲಿಗಿ ಹೋಗ್ತೀನಿ? ಒಲಿ ಮುಂದ ಕುಂತಿರ್ತೀನಿ, ಅದೂ ಕುಂದರ್ತದ," ಅಂದಳು. ಅಷ್ಟೇ. ಅದಕ್ಕೆ ಏನಾದರೂ ತಗೋ ಅಂದರೆ, ಅವ್ವ ಅಂತ ಕರೆದು ಕೂಲಿ ಮಾತಾಡುತ್ತೀಯಲ್ಲ, ನಾಚಿಕೆ ಆಗೋದಿಲ್ಲವಾ ಅಂತ ನನ್ನ ಬಾಯೇ ಮುಚ್ಚಿಸಿದಳು.

ಹಾಗೆ ನನ್ನ ಮಗಳು ಆ ಒಲೆಯ ಮುಂದೆ ಬೆಳೆದಳು. ಸುಟ್ಟ ಹಲಗೆಯ ಮೊಳೆಗಳೆಲ್ಲ ಬೂದಿಯಲ್ಲಿ ಉಳಿಯುತ್ತಿದ್ದವು. ಹಳೇ ಸ್ಪೀಕರಿನ ಆಯಸ್ಕಾಂತವೊಂದನ್ನು ದಾರಕ್ಕೆ ಕಟ್ಟಿ ಅವ್ವ ಅವಳ ಕೈಗೆ ಕೊಟ್ಟಿದ್ದಳು. ಇವಳು ಅದನ್ನು ಆರಿದ ಬೂದಿಯಲ್ಲಿ ಇಳಿಬಿಟ್ಟು ಮೀನು ಹಿಡಿದ ಹಾಗೆ ಮೊಳೆ ಹಿಡಿಯುತ್ತಿದ್ದಳು. ಹಿಡಿದದ್ದನ್ನೆಲ್ಲ ಡಬ್ಬಕ್ಕೆ ಹಾಕಿ ಗಲಗಲ ಅಲ್ಲಾಡಿಸುತ್ತಿದ್ದಳು. ಆ ಕಡೆ ಅವ್ವನ ಕೈ ರೊಟ್ಟಿ ಬಡಿಯುವ ಸದ್ದು, ಈ ಕಡೆ ಮೊಳೆಯ ಸದ್ದು. ನಾನು ಬರುವ ಹೊತ್ತಿಗೆ ಕೂದಲೆಲ್ಲ ಹೊಗೆಯ ವಾಸನೆ. ತಲೆಗೆ ಮೂಗಿಟ್ಟು ಮುದ್ದಾಡುತ್ತಿದ್ದೆ. ಆ ವಾಸನೆ ನನಗೆ ಮಗಳ ವಾಸನೆಯೇ ಆಗಿಹೋಗಿತ್ತು.

ಮಗಳಿಗೆ ಕೆಮ್ಮು ಇತ್ತು. ಬೆಳಿಗ್ಗೆ ಎದ್ದರೆ ಕೆಮ್ಮು, ಆಟ ಆಡಿದರೆ ಕೆಮ್ಮು. ಪೀಣ್ಯದ ಗಾಳಿಗೆ ಯಾರಿಗೆ ಕೆಮ್ಮಿಲ್ಲ ಹೇಳಿ. ಡಾಕ್ಟರು ಸಿರಪ್ಪು ಬರೆಯುತ್ತಿದ್ದರು, ನಾನು ಕುಡಿಸುತ್ತಿದ್ದೆ, ಫ್ಯಾಕ್ಟರಿ ಹೊಗೆಯನ್ನು ಬಯ್ಯುತ್ತಿದ್ದೆ. ಅವ್ವನಿಗೂ ಕೆಮ್ಮು. ಅವಳದು ಹಳೇ ಕೆಮ್ಮು, ಶುರುವಾದರೆ ಗೋಡೆ ಹಿಡಿದು ನಿಲ್ಲಬೇಕಿತ್ತು. ಒಂದು ಗ್ಯಾಸ್ ತಗೋಬಾರದಾ ಅಂತ ನಾನೇ ಎಷ್ಟೋ ಸಲ ಅವಳ ತಲೆ ತಿಂದಿದ್ದೆ.

"ಗ್ಯಾಸಿನ ಮ್ಯಾಲಿನ ರೊಟ್ಟಿ ಉಬ್ಬತದ ಖರೆ," ಅನ್ನುತ್ತಿದ್ದಳು. "ಊರಿನ ವಾಸನಿ ಬರಂಗಿಲ್ಲವ್ವ. ಈ ಹುಡುಗ್ರು ನನ್ ಕಡಿ ಬರೂದು ಹಿಟ್ಟಿಗಲ್ಲ, ಆ ವಾಸನಿಗೆ."

ಆಗ ಬಂದದ್ದು ಆ ಊದುವ ಮಷೀನು. ಯಾವುದೋ ಆಸ್ಪತ್ರೆಯವರು ಶನಿವಾರ, ಭಾನುವಾರ ಅಂಗನವಾಡಿಯಲ್ಲಿ ಕೂತಿರುತ್ತಾರೆ, ಸೌದೆ ಒಲೆಯಲ್ಲಿ ಅಡುಗೆ ಮಾಡುವವರು ಬಂದು ಊದಿ ಹೋಗಿ, ಉಸಿರಿನಲ್ಲಿ ಎಷ್ಟು ಹೊಗೆ ಸೇರಿದೆ ಅಂತ ತೋರಿಸುತ್ತದೆ ಅಂತ ಆಶಾ ಕಾರ್ಯಕರ್ತೆ ಮನೆಮನೆಗೆ ಹೇಳಿಹೋದಳು. ಅವ್ವನ ಬಾಗಿಲಲ್ಲಂತೂ ನಿಂತು ಒತ್ತಿ ಹೇಳಿದಳು.

ಟೆಸ್ಟು ಅಂದರೆ ಅವ್ವನಿಗೆ ಗೊತ್ತಿದ್ದದ್ದು ಒಂದೇ, ಸಕ್ಕರೆ ಕಾಯಿಲೆಯ ಟೆಸ್ಟು. ಅದಕ್ಕೆ ಬರಿ ಹೊಟ್ಟೆಯಲ್ಲಿ ಹೋಗಬೇಕು. ಇದಕ್ಕೂ ಹಾಗೇ ಅಂದುಕೊಂಡಳು. ಬರಿ ಹೊಟ್ಟೆಯಲ್ಲಿರಬೇಕಾದರೆ ಒಲೆ ಹಚ್ಚುವ ಹಾಗಿಲ್ಲ, ಯಾಕೆಂದರೆ ಒಲೆ ಹಚ್ಚಿದರೆ ಮೊದಲ ರೊಟ್ಟಿಯ ಚೂರು ಬಾಯಿಗೆ ಹಾಕಿಕೊಳ್ಳಲೇಬೇಕು. ಪದ್ಧತಿ ಬಿಡುವವಳಲ್ಲ. ಹಾಗಾಗಿ ಹಿಂದಿನ ಸಂಜೆಯೇ ಹುಡುಗರಿಗೆಲ್ಲ ಶನಿವಾರ ರೊಟ್ಟಿ ಇಲ್ಲ ಅಂತ ಹೇಳಿಬಿಟ್ಟಳು. ರೊಟ್ಟಿ ಬಡಿಯಲು ಶುರು ಮಾಡಿದ ಮೇಲೆ ಆ ಒಲೆ ತಣ್ಣಗಿದ್ದದ್ದು ಆ ದಿನ ಒಂದೇ ಇರಬೇಕು. ತಲೆಗೆ ಸ್ನಾನ ಮಾಡಿ, ಇಳಕಲ್ ಸೀರೆ ಉಟ್ಟು, ದೇವಸ್ಥಾನಕ್ಕೆ ಹೊರಟವಳ ಹಾಗೆ ಅಂಗನವಾಡಿಗೆ ಹೋದಳು. ನಾನು ಆವತ್ತು ಡ್ಯೂಟಿಯಲ್ಲಿದ್ದೆ. ಮಗಳನ್ನು ಅವಳೇ ಸೊಂಟದ ಮೇಲೆ ಕೂರಿಸಿಕೊಂಡು ಹೋಗಿದ್ದಳು.

ಊದುವುದು ಸುಲಭವಾಗಲಿಲ್ಲವಂತೆ. ಮಷೀನಿನ ಹುಡುಗಿ ಉಸಿರು ಹಿಡಿದು ನಿಲ್ಲಿಸಿ, ಆಮೇಲೆ ಮೆಲ್ಲಗೆ ಬಿಡಿ ಅಂದಳಂತೆ. ಇವಳು ಆ ಪ್ಲಾಸ್ಟಿಕ್ ಕೊಳವೆಯನ್ನು ತುಟಿಯ ಅದೇ ಗುರುತಿಗೆ ಒತ್ತಿಕೊಂಡು ಅಭ್ಯಾಸಬಲದಿಂದ ಫೂ ಅಂತ ಒಂದೇ ಸಲಕ್ಕೆ ಊದಿದಳು. ಬೆಂಕಿ ಊದಿದ ಹಾಗೆ ಊದಬೇಡಿ ಅವ್ವ ಅಂತ ಹುಡುಗಿ ನಕ್ಕಳಂತೆ. ಇನ್ನೊಂದು ಸಲ ಉಸಿರು ಹಿಡಿದರೆ ಕೆಮ್ಮು ಒತ್ತರಿಸಿತು. ಕೊನೆಗೂ ಹೇಗೋ ಆಯಿತು. ಹಸಿರು ದೀಪ ಬಂತು. ಅವಳಿಗಿಂತ ಮುಂಚೆ ಊದಿದ್ದ ಬೀದಿಯ ಹೆಂಗಸರಿಗೆಲ್ಲ ಕೆಂಪೋ ಹಳದಿಯೋ ಬಂದಿತ್ತು. ಇವಳಿಗೆ ಮಾತ್ರ ಹಸಿರು.

ಸಂಜೆ ನಾನು ಗೇಟು ದಾಟುವ ಹೊತ್ತಿಗೇ ಕಾಯುತ್ತಿದ್ದಳು. "ಪಾಸಾದೆ ನೋಡವ್ವ. ನನ್ನ ಉಸಿರು ಹಸರ ಅದ," ಅಂದಳು. ಶಾಲೆಯ ಮೆಟ್ಟಿಲು ಹತ್ತದವಳು ಜೀವನದಲ್ಲಿ ಮೊದಲ ಸಲ ಪಾಸಾಗಿದ್ದಳು. ಆ ಮುಖ ನೋಡಬೇಕಿತ್ತು ನೀವು. ಇನ್ನು ಗ್ಯಾಸಿನ ಸುದ್ದಿ ಎತ್ತಬೇಡ ಅಂತ ನನಗೆ ತಾಕೀತು ಬೇರೆ ಮಾಡಿದಳು. ನಾಳೆ ನೀನೂ ಹೋಗಿ ಊದಿ ಬಾ, ಗ್ಯಾಸಿನವರ ಉಸಿರು ಹೆಂಗಿದೆ ನೋಡೋಣ ಅಂತ ಕೆಣಕಿದಳು.

ಭಾನುವಾರ ಅವಳಿಗೆ ಮೈತುಂಬ ಕೆಲಸ. ಶನಿವಾರದ ರೊಟ್ಟಿ ತಪ್ಪಿದ ಹುಡುಗರೆಲ್ಲ ಬರುವವರಿದ್ದರು. ಬೆಳಕು ಹರಿಯುವ ಮೊದಲೇ ಒಲೆ ಹಚ್ಚಿದ್ದಳು. ನನಗೆ ರಜ, ಬಟ್ಟೆ ಒಗೆಯುತ್ತಿದ್ದೆ. ಮಗಳು ಎದ್ದವಳೇ ಎಂದಿನಂತೆ ಆಯಸ್ಕಾಂತ ಹಿಡಿದು ಅವ್ವನ ಒಲೆಯ ಮುಂದೆ ಕೂತಳು. ಹನ್ನೊಂದರ ಹೊತ್ತಿಗೆ ಅವ್ವನ ಕಾಟ ತಡೆಯದೆ ಅಂಗನವಾಡಿಗೆ ಹೊರಟೆ. ಮಗಳೂ ಬಂದಳು. ನನ್ನ ಉಸಿರಿನ ಬಣ್ಣ ಕಣ್ಣಾರೆ ನೋಡಬೇಕು ಅಂತ ಅವ್ವ ಕೂಡ ಹಿಟ್ಟಿನ ಕೈ ಒರೆಸಿಕೊಂಡು, ಹುಡುಗರಿಗೆ ಒಂದು ಗಳಿಗೆ ಕಾಯಿರಿ ಅಂತ ಹೇಳಿ ಹಿಂದೆಯೇ ಬಂದಳು.

ನಾನು ಊದಿದೆ. ಹಸಿರು. ಅವ್ವ ನಕ್ಕಳು, ಇಬ್ಬರೂ ಪಾಸು ಅಂದಳು. ನಾನೂ ಊದ್ತೀನಿ ಅಂತ ಮಗಳು ಹಠ ಹಿಡಿದಳು. ಆ ಹುಡುಗಿ ಒಳ್ಳೆಯವಳು, ಹೊಸ ಕೊಳವೆ ಸಿಕ್ಕಿಸಿಕೊಟ್ಟು, ಬಲೂನು ಊದಿದ ಹಾಗೆ ಮೆಲ್ಲಗೆ ಊದಬೇಕು ಅಂತ ಹೇಳಿಕೊಟ್ಟಳು. ಮಗಳು ಕೆನ್ನೆ ಉಬ್ಬಿಸಿಕೊಂಡು ಊದಿದಳು. ಹುಡುಗಿ ನಗುತ್ತಲೇ ಮಷೀನು ನೋಡಿದಳು, ಆಮೇಲೆ ಅವಳ ನಗು ನಿಂತಿತು. ದೀಪ ಹಳದಿ.

"ಮನೇಲಿ ಯಾರಾದ್ರೂ ಸಿಗರೇಟ್ ಸೇದ್ತಾರಾ ಅಕ್ಕ?" ಅಂತ ಕೇಳಿದಳು.

ನನಗೆ ರೇಗಿತು. ನಮ್ಮನೆಯವರಿಗೆ ಅಂಥ ಚಟ ಇಲ್ಲ, ನಮ್ಮನೆಯಲ್ಲಿ ಗ್ಯಾಸು, ನಿನ್ನ ಮಷೀನೇ ಕೆಟ್ಟಿರಬೇಕು ಅಂತ ಏರುದನಿಯಲ್ಲಿ ಹೇಳಿದೆ. ಆಗ ಅವ್ವ ಮುಂದೆ ಬಂದಳು. ಅವಳ ದನಿ ಏರಲಿಲ್ಲ. ನಿಜವಾಗಿ ಅರ್ಥವಾಗದೆ ಕೇಳಿದಳು: "ಈ ಕೂಸು ದಿನಾ ನನ್ನ ಒಲಿ ಮುಂದ ಕುಂದರ್ತದವ್ವ. ನಿನ್ನಿ ನಂದು ಹಸರ ಬಂದದ. ನಂಗಿಲ್ಲದ ಹೊಗಿ ಇದಕ್ಕ ಹೆಂಗ ಬಂತು?"

ಹುಡುಗಿ ಅವಳನ್ನು ಕೂರಿಸಿದಳು. ನಿನ್ನೆ ಬರುವ ಮುಂಚೆ ಒಲೆ ಹಚ್ಚಿದ್ದಿರಾ ಅಂತ ವಿಚಾರಿಸಿದಳು. ಬರಿ ಹೊಟ್ಟೆಯಲ್ಲಿ ಬರಬೇಕಲ್ಲ, ಎಲ್ಲಿ ಹಚ್ಚಲಿ ಅಂದಳು ಅವ್ವ. ಹುಡುಗಿ ಹೊಸ ಕೊಳವೆ ಸಿಕ್ಕಿಸಿ ಇನ್ನೊಂದು ಸಲ ಊದಿಸಿದಳು. ಈ ಸಲ ಅವ್ವ ಸರಿಯಾಗಿ ಊದಿದಳು. ದೀಪ ಕೆಂಪಾಯಿತು. ಮಷೀನು ಪೀ ಪೀ ಅಂತ ಕೂಗಿಕೊಂಡಿತು.

ಹೊಗೆಯಲ್ಲಿ ಒಂದು ವಿಷದ ಗಾಳಿ ಇರುತ್ತದೆ, ಅದು ರಕ್ತಕ್ಕೆ ಸೇರಿ ಕೆಲವು ಗಂಟೆ ಇದ್ದು, ಆಮೇಲೆ ಉಸಿರಿನಲ್ಲಿ ಸ್ವಲ್ಪಸ್ವಲ್ಪವೇ ಹೋಗುತ್ತದೆ, ಮಷೀನು ಹಿಡಿಯುವುದು ಅದನ್ನು ಅಂತ ಹುಡುಗಿ ಬಿಡಿಸಿ ಹೇಳಿದಳು. ನಿನ್ನೆ ನೀವು ಒಲೆ ಹಚ್ಚಿರಲಿಲ್ಲ, ರಾತ್ರಿಯೆಲ್ಲ ಒಳ್ಳೆ ಗಾಳಿ ಎಳೆದುಕೊಂಡಿದ್ದಿರಿ, ಅದಕ್ಕೇ ಹಸಿರು ಅಂದಳು. ಉಪವಾಸಕ್ಕೂ ಇದಕ್ಕೂ ಸಂಬಂಧವಿಲ್ಲ. ಒಲೆಯಿಂದ ದೂರ ಇಟ್ಟರೆ ಮಗುವಿನದೂ ನಾಳೆಯೇ ಹಸಿರಾಗುತ್ತದೆ. ಆದರೆ ವರ್ಷಗಟ್ಟಲೆ ಹೊಗೆ ಕುಡಿದ ಎದೆ ಒಳಗೆ ಎಷ್ಟು ಸವೆದಿದೆ ಅನ್ನುವುದನ್ನು ಈ ಮಷೀನು ಹೇಳುವುದಿಲ್ಲ, ನೀವು ದೊಡ್ಡಾಸ್ಪತ್ರೆಯಲ್ಲಿ ತೋರಿಸಲೇಬೇಕು ಅಂತ ಅವ್ವನ ಕೈ ಹಿಡಿದು ಹೇಳಿದಳು. ಅವ್ವ ಆ ಕೊನೆಯ ಮಾತು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಮಗಳ ಕಡೆಯೇ ನೋಡುತ್ತಿದ್ದಳು.

ವಠಾರಕ್ಕೆ ಬಂದರೆ ಹುಡುಗರು ತಟ್ಟೆ ಹಿಡಿದು ಕಾಯುತ್ತಿದ್ದರು. ನಾದಿದ ಹಿಟ್ಟು ಪರಾತದಲ್ಲಿತ್ತು, ಹಂಚು ಕಾದಿತ್ತು. ಅವ್ವ ಸೀದಾ ಹೋಗಿ, ಕುಡಿಯಲು ಇಟ್ಟಿದ್ದ ಕೊಡದ ನೀರನ್ನು ಎತ್ತಿ ಒಲೆಗೆ ಸುರಿದಳು. ಬುಸ್ಸೆಂದು ಬೂದಿ ಎದ್ದಿತು. ಹುಡುಗರು ದಿಗಿಲುಬಿದ್ದು ಎದ್ದು ನಿಂತರು. ಏನಾಯ್ತವ್ವ, ಇದ್ದ ಹಿಟ್ಟಾದರೂ ಬಡಿದು ಮುಗಿಸು, ಮಗುವನ್ನು ನಾನು ಒಳಗೆ ಇಟ್ಟುಕೊಳ್ಳುತ್ತೇನೆ ಅಂತ ನಾನು ಹಿಂದೆಯೇ ಓಡಿದೆ. ಅವಳು ನನ್ನ ಕಡೆ ತಿರುಗಿದಳು.

"ಕೂಸಿನ ಎದಿಗಿ ಬೆಂಕಿ ಇಟ್ಟು ನಾ ಯಾರಿಗಿ ರೊಟ್ಟಿ ಬಡೀಲವ್ವ?" ಅಂದಳು.

ತನ್ನ ಕೆಮ್ಮಿಗೆ ಬಿಡಲಿಲ್ಲ, ನನ್ನ ಜಗಳಕ್ಕೆ ಬಿಡಲಿಲ್ಲ, ತನ್ನ ಕೆಂಪು ದೀಪಕ್ಕೂ ಬಿಡುತ್ತಿದ್ದಳೋ ಇಲ್ಲವೋ. ನನ್ನ ಮಗಳ ಹಳದಿಗೆ ಬಿಟ್ಟಳು. ಆ ಒಲೆ ಆಮೇಲೆ ಹೊತ್ತಲಿಲ್ಲ. ಊದುಗೊಳವೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಒಳಗೆ ಹೊರಗೆ ತೊಳೆದು, ಬಿಸಿಲಿಗಿಟ್ಟು ಮಗಳಿಗೆ ಆಡಲು ಕೊಟ್ಟಳು. ಮಗಳು ಅದರ ಒಂದು ತುದಿ ಅವ್ವನ ಕಿವಿಗಿಟ್ಟು ಇನ್ನೊಂದು ತುದಿಯಲ್ಲಿ ಹಲೋ ಹಲೋ ಅನ್ನುತ್ತಿದ್ದಳು.

ಗ್ಯಾಸು ಬಂತು. ಹುಡುಗರಲ್ಲಿ ಕೆಲವರು ಎರಡು ದಿನ ತಿಂದು, ಇದು ಹೋಟೆಲ್ ರೊಟ್ಟಿ ಇದ್ದಂಗಿದೆ ಅಂತ ಮುಖ ಸಿಂಡರಿಸಿ ಬೇರೆ ಕಡೆ ಹೋದರು. ಅವ್ವ ಅವರಿಗೆ ಒಂದು ಮಾತೂ ಅನ್ನಲಿಲ್ಲ. ಆ ವಾಸನಿ ಇಲ್ಲಲ್ಲ, ಅವರದೇನು ತಪ್ಪು ಅಂದಳು. ನನಗೆ ಮಾತ್ರ ಆ ಹುಡುಗರ ಮೇಲೆ ಈಗಲೂ ಸಿಟ್ಟಿದೆ. ಉಳಿದವರಿಗೆ ಬಡಿಯುತ್ತಿದ್ದಳು, ಪುಂಡಿ ಪಲ್ಯ ಮಾಡುತ್ತಿದ್ದಳು. ಮೊದಲ ರೊಟ್ಟಿಯ ಚೂರನ್ನು ಗ್ಯಾಸಿನ ನೀಲಿ ಉರಿಗೆ ಹಾಕಿದರೆ ಅದು ಬರ್ನರಿನೊಳಗೆ ಬಿದ್ದು ಉರಿ ಆರಿಹೋಗುತ್ತಿತ್ತು. ಕೊನೆಗೆ ಆ ಚೂರೂ ಮಗಳಿಗೇ ಸೇರಿತು.

ಮಗಳ ಕೆಮ್ಮು ಕಡಿಮೆಯಾಗುತ್ತ ಬಂದು ಒಂದು ದಿನ ಪೂರ್ತಿ ನಿಂತೇಹೋಯಿತು. ಅವ್ವನದು ನಿಲ್ಲಲಿಲ್ಲ. ಮೊದಲು ನೀರಿನ ಕೊಡ ಹೊರುವಾಗ ಏದುಸಿರು, ಆಮೇಲೆ ಹಿಟ್ಟು ನಾದುವಾಗ, ಆಮೇಲೆ ಸುಮ್ಮನೆ ಕೂತಾಗಲೂ. ನಾನು ರಜ ಹಾಕಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, ಎಕ್ಸರೆ ನೋಡಿ, ಎಷ್ಟು ವರ್ಷದಿಂದ ಬೀಡಿ ಸೇದುತ್ತೀಯಮ್ಮ ಅಂತ ಕೇಳಿದರು. ತುಟಿಯ ಗುರುತನ್ನು ಬೀಡಿಯದು ಅಂದುಕೊಂಡರು. ಅವ್ವ ಅಷ್ಟು ಏದುಸಿರಿನಲ್ಲೂ ನೆಟ್ಟಗೆ ಕೂತು, ಇದು ರೊಟ್ಟಿ ಬಡಿದ ಗುರುತು ಸಾಹೇಬ್ರ ಅಂದಳು. ಶ್ವಾಸಕೋಶ ಬಹಳ ಸವೆದಿದೆ, ಇನ್ನೂ ಮುಂಚೆ ಬರಬೇಕಿತ್ತು ಅಂದರು ಡಾಕ್ಟರು. ಇಂಥ ಮಾತು ಕೇಳಿದರೆ ಯಾರ ಕೊರಳಪಟ್ಟಿ ಹಿಡಿಯಬೇಕು ಹೇಳಿ. ಒಲೆಯದಾ, ಹಲಗೆಯದಾ, ಊರು ಬಿಡಿಸಿದವರದಾ. ನನಗೆ ಆವತ್ತು ಯಾರೂ ಸಿಗಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಅತ್ತೆ.

ಅವ್ವನನ್ನು ಅಲ್ಲೇ ಸೇರಿಸಿಕೊಂಡರು. ಅವಳು ವಾರ್ಡಿನಲ್ಲಿದ್ದಾಗಲೇ ಆ ಮಷೀನಿನ ಹುಡುಗಿ ಇನ್ನೊಂದು ಸಲ ಅಂಗನವಾಡಿಗೆ ಬಂದಳು. ಮಗಳನ್ನು ಕರೆದುಕೊಂಡು ಹೋಗಿ ಊದಿಸಿದೆ. ಹುಡುಗಿ ಅವ್ವ ಎಲ್ಲಿ ಅಂತ ಕೇಳಿದಳು, ಹೇಳಿದೆ. ಅವಳ ಕಣ್ಣಲ್ಲೂ ನೀರು ಬಂತು.

ಮಧ್ಯಾಹ್ನ ನೋಡಲು ಬಿಡುವ ಹೊತ್ತಿಗೆ ಆಸ್ಪತ್ರೆಗೆ ಹೋದೆ. ಅವ್ವನ ಮೂಗು ಬಾಯಿಗೆ ಆಕ್ಸಿಜನ್ ಮಾಸ್ಕ್ ಹಾಕಿದ್ದರು. ಆ ಗುರುತು ಪ್ಲಾಸ್ಟಿಕ್ಕಿನ ಒಳಗಿಂದ ಮಸುಕಾಗಿ ಕಾಣುತ್ತಿತ್ತು. ಕಿವಿಯ ಹತ್ತಿರ ಬಗ್ಗಿ, ಅವ್ವ, ಮಗಳು ಇವತ್ತು ಊದಿದಳು, ಹಸಿರು ಬಂತು ಅಂದೆ. ಅವಳು ಕಣ್ಣು ತೆರೆದಳು. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಅವಳ ಹುಬ್ಬು ಗಂಟಾಯಿತು. ಕೈಯಲ್ಲಿ ಮಾಸ್ಕ್ ಸರಿಸಿ, ಒಂದೊಂದೇ ಮಾತಿಗೆ ಉಸಿರು ಹುಡುಕುತ್ತ ಕೇಳಿದಳು: "ಇವತ್ತ ಒಲಿ ಹಚ್ಚಿದ್ದೇನು ನೀನು? ನನ್ನಂಗ ತಣ್ಣಗಿಟ್ಟು ಊದ್ಸಿಲ್ಲಲ್ಲ?"

"ಇಲ್ಲ ಕಣವ್ವ, ಗ್ಯಾಸ್ ಹಚ್ಚಿದ್ದೆ. ಬೆಳಿಗ್ಗೆ ಅಡಿಗೆ ಮಾಡಿ, ಅವ್ಳಿಗೆ ಊಟ ಮಾಡ್ಸಿನೇ ಕರ್ಕೊಂಡ್ ಹೋಗಿದ್ದು," ಅಂದೆ.

ಹುಬ್ಬು ಸಡಿಲವಾಯಿತು. "ಹಂಗಾರ ಇದು ಖರೇ ಹಸರ," ಅಂದಳು. ಮಾಸ್ಕನ್ನು ತಾನೇ ಮತ್ತೆ ಮೂಗಿಗೆ ಎಳೆದುಕೊಂಡಳು.

ಅದೇ ವಾರ ಅವಳು ಹೋದಳು. ಅವಳ ಅಣ್ಣನ ಮಗ ಬಂದು ಊರಿಗೆ ಸಾಗಿಸಿದ. ಗ್ಯಾಸಿನ ರೊಟ್ಟಿ ಬೇಡ ಅಂತ ಹೋಗಿದ್ದ ಹುಡುಗರೂ ಬಂದಿದ್ದರು, ಆಂಬುಲೆನ್ಸ್ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದರು. ಓನರ್ ಅವಳ ರೂಮಿಗೆ ಬಣ್ಣ ಹೊಡೆಸಿದ. ಎಷ್ಟು ಹೊಡೆದರೂ ಹಿಂದಿನ ಗೋಡೆಯ ಮೇಲ್ಭಾಗದಲ್ಲಿ ಕಪ್ಪು ಮತ್ತೆ ಮತ್ತೆ ಎದ್ದು ಬರುತ್ತದೆ ಅಂತ ಗೊಣಗುತ್ತಿರುತ್ತಾನೆ. ಎದ್ದು ಬರಲಿ ಬಿಡಿ.

ನನ್ನ ಮಗಳು ಈಗ ಒಂದನೇ ಕ್ಲಾಸು. ಓಡುತ್ತಾಳೆ, ಕಿರುಚುತ್ತಾಳೆ, ಕೆಮ್ಮುವುದಿಲ್ಲ. ಅವಳ ಕೂದಲಲ್ಲಿ ಈಗ ಶಾಂಪೂ ವಾಸನೆ. ಅವ್ವನ ಋಣ ತೀರಿಸುವುದು ಹೇಗೆ ಅಂತ ನನಗೆ ಗೊತ್ತಿಲ್ಲ. ತೀರಿಸುವ ಮಾತೆತ್ತಿದ್ದರೆ ಅವಳೇ ಬಯ್ಯುತ್ತಿದ್ದಳು. ಊದುಗೊಳವೆ ನಮ್ಮ ಮನೆಯ ಕಿಟಕಿಯ ಮೇಲಿದೆ. ಕೆಲಸ ಮುಗಿಸಿ ಬಂದು ನಾನು ಗೋಡೆಗೊರಗಿ ಕೂತಾಗ ಮಗಳು ಒಮ್ಮೊಮ್ಮೆ ಅದನ್ನು ತಂದು ಒಂದು ತುದಿ ನನ್ನ ಕಿವಿಗಿಡುತ್ತಾಳೆ. ಈಗ ಹಲೋ ಅನ್ನುವುದಿಲ್ಲ, ದೊಡ್ಡವಳಾಗಿದ್ದಾಳಲ್ಲ. ಸುಮ್ಮನೆ ಮೆಲ್ಲಗೆ ಊದುತ್ತಾಳೆ. ಬೆಚ್ಚಗಿನ ಗಾಳಿ ಕಿವಿಗೆ ಬರುತ್ತದೆ.

ಸಾಕಾ ಅಮ್ಮ ಅನ್ನುತ್ತಾಳೆ. ಇನ್ನೊಂದ್ಸಲ ಊದು ಅನ್ನುತ್ತೇನೆ.